ಬಿರಡೆ ನೋಡುವವಳು

ಬೆಳಿಗ್ಗೆ ಏಳಕ್ಕೆ ಇಲಿಮನೆಯ ದೀಪಗಳು ತಾವಾಗಿಯೇ ಹತ್ತಿಕೊಳ್ಳುತ್ತವೆ. ಕಿಟಕಿಯಿಲ್ಲದ ಕೋಣೆ ಅದು. ಹೊರಗೆ ಮೋಡವೋ ಬಿಸಿಲೋ, ಒಳಗಿರುವ ಸಾವಿರಕ್ಕೂ ಮಿಕ್ಕಿದ ಇಲಿಗಳಿಗೆ ಗೋಡೆಯ ಗಡಿಯಾರ ಹೇಳಿದ್ದೇ ಹಗಲು. ದೀಪ ಹತ್ತಿದ ಐದು ನಿಮಿಷಕ್ಕೆ ಅಕ್ಕ ಒಳಗೆ ಬರುತ್ತಾಳೆ. ನೀಲಿ ನಿಲುವಂಗಿ, ಬಾಯಿ ಮೂಗಿಗೆ ಮುಸುಕು, ಕಾಲಿಗೆ ಬಟ್ಟೆಯ ಗವಸು. ಅವಳಿಗೆ ಐವತ್ತೊಂದು ವರ್ಷ. ಅವಳಿಗಿಂತ ಆರು ವರ್ಷ ದೊಡ್ಡವರಾದ, ಇಡೀ ಸಂಶೋಧನಾಲಯಕ್ಕೆ ಮುಖ್ಯಸ್ಥರಾದ ಮೇಡಂ ಕೂಡ ಅವಳನ್ನು ಅಕ್ಕ ಅಂತಲೇ ಕರೆಯುತ್ತಾರೆ.

ಹಿಂದಿನ ಸಂಜೆ ಗಂಡು ಹೆಣ್ಣನ್ನು ಜೊತೆಗೆ ಬಿಟ್ಟ ಪಂಜರಗಳನ್ನು ಅವಳು ಒಂದೊಂದಾಗಿ ಇಳಿಸುತ್ತಾಳೆ. ಹೆಣ್ಣಿಲಿಯ ಬಾಲದ ಬುಡ ಹಿಡಿದು, ಮುಂಗಾಲನ್ನು ಜಾಲರಿಯ ಮೇಲೆ ಊರಲು ಬಿಟ್ಟು, ಹಿಂಭಾಗವನ್ನು ಬೆಳಕಿಗೆ ಎತ್ತಿ ನೋಡುತ್ತಾಳೆ. ರಾತ್ರಿ ಅವು ಕೂಡಿದ್ದರೆ ಗಂಡಿನ ದ್ರವ ಅಲ್ಲೇ ಗಟ್ಟಿಯಾಗಿ, ಅಕ್ಕಿಕಾಳಿನ ತುದಿಯಷ್ಟು ಪುಟ್ಟ ಬಿಳಿ ಬಿರಡೆಯಾಗಿ ನಿಂತಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ಉದುರಿಹೋಗುತ್ತದೆ. ಬಿರಡೆ ಕಂಡರೆ ಪಂಜರದ ಚೀಟಿಯಲ್ಲಿ ತಾರೀಕು ಬರೆದು ಒಂದು ಅಡ್ಡಗೀಟು. ಮೇಲಿನ ಮಹಡಿಯಲ್ಲಿ ಸೂಕ್ಷ್ಮದರ್ಶಕಗಳ ಮುಂದೆ ಕೂತವರು ಭ್ರೂಣಕ್ಕೆ ಮೂರು ದಿನ, ನಾಲ್ಕು ದಿನ ಎಂದು ಹೇಳುವುದೆಲ್ಲ ಈ ಗೀಟಿನಿಂದ ಶುರುವಾಗುವ ಎಣಿಕೆ. ಅವಳ ಕಣ್ಣು ತಪ್ಪಿದರೆ ಅವರ ದಿನವೂ ತಪ್ಪು. ಹತ್ತೊಂಬತ್ತು ವರ್ಷದಲ್ಲಿ ಅವಳ ಗೀಟು ನಂಬಿ ಕೆಟ್ಟವರಿಲ್ಲ.

ಪಂಜರ ತೊಳೆಯುವ ಮುದುಕ ಇದನ್ನು ಬೇರೆ ಥರ ಹೇಳುತ್ತಿದ್ದ. ಊರಲ್ಲಿ ಬೇರೆಯವರ ಸಂಸಾರದಲ್ಲಿ ಇಣುಕಿದರೆ ಬೈಸಿಕೊಳ್ಳಬೇಕು, ನಮ್ಮಕ್ಕ ನೋಡಿ, ಇಣುಕಿದ್ದಕ್ಕೇ ಸಂಬಳ ತಗೋತಾಳೆ ಎಂದು.

ಅವಳಿಗೆ ಈ ಕೆಲಸ ಕಲಿಸಿದವರು ಹಿಂದಿನ ಮುಖ್ಯಸ್ಥರು. ಬಟ್ಟೆ ಅಂಗಡಿಯಲ್ಲಿ ಸೀರೆ ಮಡಿಸುತ್ತಿದ್ದವಳು ಪತ್ರಿಕೆಯ ಒಂದು ಸಣ್ಣ ಪ್ರಕಟಣೆ ನೋಡಿ ಬಂದಿದ್ದಳು. ಆ ಮೇಷ್ಟ್ರು ಅವಳ ಓದು ಕೇಳಲಿಲ್ಲ, ಕೈ ನೋಡಿದರು. ಇಲಿಗೆ ಹೆದರದ, ಇಲಿಯನ್ನೂ ಹೆದರಿಸದ ಕೈ. ಬಿರಡೆ ನೋಡುವುದರ ಜೊತೆಗೆ ಅವರು ಇನ್ನೂ ಎರಡು ಮಾತು ಹೇಳಿಕೊಟ್ಟರು. ಹೆಣ್ಣುಗಳನ್ನೇ ಕೂಡಿಹಾಕಿದರೆ ಅವು ಬೆದೆಗೆ ಬರುವುದನ್ನೇ ಮರೆಯುತ್ತವೆ; ಆಗ ಗಂಡಿನ ಪಂಜರದ ಕೊಳೆ ಹೊಟ್ಟು, ಮೂತ್ರದ ವಾಸನೆಯಿರುವ ಮರದ ಹೊಟ್ಟು, ಒಂದು ಹಿಡಿ ತಂದು ಉದುರಿಸಬೇಕು. ಮೂರನೇ ದಿನಕ್ಕೆ ಹೆಚ್ಚಿನವು ಒಟ್ಟಿಗೆ ಬೆದೆಗೆ ಬರುತ್ತವೆ. ಇದು ಮೊದಲನೆಯದು. ಎರಡನೆಯದು, ಬಿರಡೆ ಕಂಡ ಮೇಲೆ ಮಾತ್ರ ಆ ವಾಸನೆ ವಿಷ. ತನ್ನ ಜೊತೆ ಕೂಡಿದ ಗಂಡಲ್ಲದೆ ಬೇರೆ ಗಂಡಿನ ವಾಸನೆ ಮೊದಲ ಮೂರು ನಾಲ್ಕು ದಿನದಲ್ಲಿ ಹೆಣ್ಣಿನ ಮೂಗಿಗೆ ಬಡಿದರೆ, ಅದರ ಮಿದುಳು ಗರ್ಭ ಹಿಡಿದಿಡುವ ರಸವನ್ನೇ ನಿಲ್ಲಿಸಿಬಿಡುತ್ತದೆ. ಕೊಳವೆಯಲ್ಲಿ ಉರುಳಿಕೊಂಡು ಬಂದ ಭ್ರೂಣಗಳು ಗರ್ಭದ ಗೋಡೆಗೆ ಅಂಟಿಕೊಳ್ಳದೆ ಹೋಗುತ್ತವೆ. ರಕ್ತವಿಲ್ಲ, ನೋವಿಲ್ಲ. ಏನೂ ಆಗಿರಲೇ ಇಲ್ಲವೆನ್ನುವ ಹಾಗೆ ಐದಾರು ದಿನಕ್ಕೆ ಹೆಣ್ಣು ಮತ್ತೆ ಬೆದೆಗೆ ಬರುತ್ತದೆ. ಆದ್ದರಿಂದ ಬಿರಡೆ ಕಂಡ ಹೆಣ್ಣಿಗೆ ಹೊಸ ಪಂಜರ, ಹೊಸ ಹೊಟ್ಟು, ಕೋಣೆಯ ಇನ್ನೊಂದು ಮೂಲೆ.

ಈ ನಿಯಮ ಹತ್ತೊಂಬತ್ತು ವರ್ಷ ನಡೆಯಿತು. ಕೆಟ್ಟದ್ದು ಐದು ವಾರ.

ಪಂಜರ ತೊಳೆಯುವ ಯಂತ್ರ ಕೈಕೊಟ್ಟಿತು. ರಿಪೇರಿಯವನು ಬಂದು, ಬಿಚ್ಚಿ, ಯಾವುದೋ ಭಾಗ ತರಿಸಬೇಕೆಂದು ಹೇಳಿ ಹೋದವನು ತಿರುಗಿ ನೋಡಲಿಲ್ಲ. ಮುದುಕ ಕೈಯಲ್ಲೇ ಉಜ್ಜಿ ಉಜ್ಜಿ ದಿನಕ್ಕೆ ಎಷ್ಟು ತೊಳೆದಾನು. ಶುದ್ಧ ಪಂಜರಗಳಿಗೆ ಬರ ಬಂತು. ಆಗ ಪಂಡಿತ ಒಂದು ಉಪಾಯ ಹೇಳಿದ.

ಪಂಡಿತ ಅನ್ನುವುದು ಇಲಿಮನೆಯವರು ಇಟ್ಟ ಹೆಸರು. ಡಾಕ್ಟರೇಟ್ ಮುಗಿಸಿ ಬಂದ ಸಂಶೋಧಕ, ಮೂವತ್ತೆರಡು ವರ್ಷ, ಮಾತಿಗೊಂದು ಪ್ರಬಂಧದ ಹೆಸರು ಹೇಳುವವನು. ಭ್ರೂಣ ಗರ್ಭಕ್ಕೆ ಅಂಟಿಕೊಳ್ಳಲು ಒಂದು ವಂಶವಾಹಿ ಬೇಕೇ ಬೇಕು ಎಂದು ತೋರಿಸುವುದು ಅವನ ಕೆಲಸ. ಅದಕ್ಕಾಗಿ ಆ ವಂಶವಾಹಿಯನ್ನು ತೆಗೆದುಹಾಕಿದ ಕಪ್ಪು ಹೆಣ್ಣಿಲಿಗಳು, ಹೋಲಿಕೆಗೆ ಅದೇ ತಳಿಯ ಮಾಮೂಲಿ ಹೆಣ್ಣುಗಳು. ಕೂಡಲು ಬಿಡುವುದು ಕಪ್ಪು ಗಂಡುಗಳ ಜೊತೆ. ಬೆದೆ ತರಿಸುವ ಹೊಟ್ಟು ಮಾತ್ರ ಬಿಳಿ ತಳಿಯ ಗಂಡುಗಳದ್ದು, ಅವು ಬೇಕಾದಷ್ಟಿದ್ದವು. ಬಿರಡೆ ಕಂಡ ಹೆಣ್ಣುಗಳನ್ನು ಹೊಸ ಪಂಜರಕ್ಕೆ ಹಾಕುವ ಬದಲು ಅವು ಮೊದಲಿದ್ದ ಅಟ್ಟಣೆಯ ಹಳೆಯ ಪಂಜರಗಳಿಗೇ ಮರಳಿಸಿ ಎಂದ ಅವನು. ಅಲ್ಲಿ ಉಳಿದ ಹೆಣ್ಣುಗಳನ್ನು ಬೆದೆಗೆ ತರಿಸಲು ಆ ಅಟ್ಟಣೆಯ ಪಂಜರಗಳಿಗೆ ದಿನಾ ಬೆಳಿಗ್ಗೆ ಒಂದೊಂದು ಹಿಡಿ ಬಿಳಿ ಗಂಡಿನ ಹೊಟ್ಟು ಬೀಳುತ್ತಿತ್ತು.

ಅಕ್ಕ ಬೇಡ ಅಂದಳು. ವಾಸನೆಯ ವಿಷಯ ಹೇಳಿದಳು. ಅವನು ಫೋನಿನಿಂದ ತಲೆ ಎತ್ತದೆ ಕೇಳಿದ. ಅದೆಲ್ಲ ಗಂಡು ಎದುರಿಗೇ ಇದ್ದರೆ ಮಾತ್ರ, ಒಂದು ಹಿಡಿ ಹೊಟ್ಟಿಗೆ ಏನಾಗುತ್ತದೆ ಎಂದ. ಅವಳು ಮತ್ತೂ ನಿಂತೇ ಇದ್ದಾಗ ನಕ್ಕ.

"ಹೇಳಿದಷ್ಟು ಮಾಡಿ ಅಕ್ಕ. ಯೋಚನೆ ಮಾಡೋಕೆ ನಾವಿದೀವಿ."

ಅವಳು ಹೇಳಿದಷ್ಟು ಮಾಡಿದಳು. ಮುಂದೆ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಇದರ ಮೇಲೆಯೇ: ಆ ಹಿಡಿ ಹೊಟ್ಟನ್ನು ದಿನಾ ಉದುರಿಸಿದ ಕೈ ತನ್ನದು. ಮೇಷ್ಟ್ರು ನೋಡಿ ಒಪ್ಪಿದ ಕೈ.

ಮೊದಲ ನಾಲ್ಕು ವಾರ ಪಂಡಿತನ ಕಾಲು ನೆಲದ ಮೇಲಿರಲಿಲ್ಲ. ವಂಶವಾಹಿ ಇಲ್ಲದ ಹೆಣ್ಣುಗಳಲ್ಲಿ ಒಂದೂ ಗರ್ಭ ಕಟ್ಟಿರಲಿಲ್ಲ. ತಾನು ಅಂದುಕೊಂಡದ್ದೇ ಆಯಿತೆಂದು ಮೆಟ್ಟಿಲಲ್ಲಿ ಸಿಕ್ಕವರಿಗೆಲ್ಲ ಹೇಳಿದ. ಐದನೇ ವಾರದ ಕೊನೆಗೆ ಹೋಲಿಕೆಯ ಮಾಮೂಲಿ ಹೆಣ್ಣುಗಳನ್ನು ತೆರೆದು ನೋಡಿದರು. ಅವುಗಳಲ್ಲೂ ಏನಿಲ್ಲ. ಎಲ್ಲ ಖಾಲಿ. ಅಲ್ಲಿಗೆ ವಂಶವಾಹಿಯ ಕಥೆ ಮುಗಿಯಿತು, ತಪ್ಪು ಯಾರದು ಅನ್ನುವ ಕಥೆ ಶುರುವಾಯಿತು.

ಮಾರನೇ ದಿನ ಬೆಳಿಗ್ಗೆ ಅಕ್ಕ ಬಾಗಿಲು ತೆರೆದಾಗ ಮೂಲೆಯ ಖಾಲಿ ಅಟ್ಟಣೆಯಲ್ಲಿ ಹನ್ನೆರಡು ಹೊಸ ಪಂಜರಗಳಿದ್ದವು. ಪಕ್ಕದ ಸಂಸ್ಥೆಯಿಂದ ಎರವಲು ತಂದವು. ಪ್ರತಿಯೊಂದಕ್ಕೂ ಹೊಸ ಹೊಟ್ಟು, ಪ್ರತಿಯೊಂದರ ಮೇಲೆ ಪಂಡಿತನ ಅಕ್ಷರದಲ್ಲಿ ಚೀಟಿ: ಬಿರಡೆ ಕಂಡವು ಇಲ್ಲಿಗೆ, ಗಂಡಿನ ಹೊಟ್ಟು ಹಾಕಬಾರದು. ಯಾರಿಗೂ ಅವನು ಏನೂ ಹೇಳಿರಲಿಲ್ಲ. ಅಕ್ಕ ಆ ಚೀಟಿಯನ್ನು ಎರಡು ಸಲ ಓದಿದಳು. ಅವನಿಗೆ ಗೊತ್ತಾಗಿದೆ ಎಂದು ಅವಳಿಗೆ ಗೊತ್ತಾಯಿತು. ಒಂದು ಥರದ ಸಮಾಧಾನವೂ ಆಯಿತು. ಮನುಷ್ಯ ತಿದ್ದಿಕೊಂಡನಲ್ಲ, ಮೇಡಂಗೂ ಹೇಳಿರುತ್ತಾನೆ ಅಂದುಕೊಂಡಳು.

ಮೂರು ದಿನ ಬಿಟ್ಟು ಕಚೇರಿಯಿಂದ ಕಾಗದ ಬಂತು. ಬಿರಡೆ ಗುರುತಿಸುವುದರಲ್ಲಿ ಆದ ಲೋಪದಿಂದ ಐದು ವಾರದ ಪ್ರಯೋಗ ವ್ಯರ್ಥವಾಗಿದೆ. ಲೋಪವನ್ನು ಒಪ್ಪಿ ಕೆಳಗೆ ಸಹಿ ಮಾಡಿದರೆ ಪಂಜರ ತೊಳೆಯುವ ವಿಭಾಗಕ್ಕೆ ವರ್ಗ, ಬೇರೆ ಕ್ರಮ ಇಲ್ಲ. ಸಹಿಗೆ ಜಾಗ ಬಿಟ್ಟು ಅಲ್ಲಿ ಪೆನ್ಸಿಲ್ಲಿನಿಂದ ಒಂದು ಗುರುತನ್ನೂ ಹಾಕಿದ್ದರು, ಅವಳಿಗೆ ಸಹಿ ಎಲ್ಲಿ ಮಾಡಬೇಕೆಂದು ತಿಳಿಯುವುದಿಲ್ಲ ಅನ್ನುವ ಹಾಗೆ.

ಮುದುಕ ಕಾಗದವನ್ನು ದೂರ ಹಿಡಿದು ಓದಿ, ಒದ್ದೆ ಕೈ ಅಂಗಿಗೆ ಒರೆಸಿಕೊಂಡ.

"ಓದಿದೋರದ್ದಾದ್ರೆ ಅದನ್ನ ಸಮಸ್ಯೆ ಅಂತಾರೆ ಅಕ್ಕ. ನಮ್ಮದಾದ್ರೆ ಮಾತ್ರ ತಪ್ಪು."

ಅವಳು ನಗಲಿಲ್ಲ. ಇಡೀ ದಿನ ಒಂದು ಇಲಿಯೂ ಅವಳ ಕೈಯಿಂದ ಜಾರಲಿಲ್ಲ. ಸಿಟ್ಟು ಬಂದರೆ ಕೆಲವರು ಪಾತ್ರೆ ಎಸೆಯುತ್ತಾರೆ. ಅವಳ ಸಿಟ್ಟು ಒಲೆಯೊಳಗಿನ ಕೆಂಡದ್ದು, ಬೂದಿಯ ಕೆಳಗೆ ಸದ್ದಿಲ್ಲದೆ ಕಾಯುವುದು. ಅಷ್ಟು ಕಾಯಲು ಅವಳು ಮನೆಯಲ್ಲಿ ಕಲಿತಿದ್ದಳು.

ಮನೆಯಲ್ಲಿದ್ದದ್ದು ಅವಳು ಮತ್ತು ಗಂಡ. ಅವನು ಕೈಗಡಿಯಾರ ರಿಪೇರಿ ಮಾಡುವವನು, ಮೆದು ಮಾತಿನವನು, ಅವಳು ದಣಿದು ಬಂದರೆ ಪಾತ್ರೆ ತಾನೇ ತೊಳೆಯುವವನು. ಯಾರನ್ನು ಕೇಳಿದರೂ ಬಂಗಾರದಂಥ ಮನುಷ್ಯ ಅನ್ನುತ್ತಾರೆ. ಮದುವೆಯಾದ ನಾಲ್ಕನೇ ವರ್ಷ ಅವರಿಬ್ಬರೂ ಆಸ್ಪತ್ರೆಗೆ ಹೋಗಿದ್ದರು. ಅವಳಲ್ಲಿ ಯಾವ ಕೊರತೆಯೂ ಇಲ್ಲ, ಅವನ ವೀರ್ಯದಲ್ಲಿ ಬೀಜವೇ ಇಲ್ಲ ಎಂದು ವೈದ್ಯೆ ಮೆಲ್ಲಗೆ ಹೇಳಿದ್ದರು. ಬಸ್ಸಿನಲ್ಲಿ ಬರುವಾಗ ಅವನು ಕಿಟಕಿಯ ಕಡೆ ಮುಖ ಮಾಡಿ, ಅಮ್ಮನಿಗೆ ಹೇಳೋದು ಬೇಡ ಅಂದಿದ್ದ. ಆಗ ಅವಳಿಗೆ ಅವನ ಮೇಲೆ ಕನಿಕರ ಬಂದಿತ್ತು. ಕನಿಕರದಲ್ಲಿ ಒಪ್ಪಿದ್ದಕ್ಕೆ ಹನ್ನೊಂದು ವರ್ಷ ಅತ್ತೆಯ ಬಾಯಿಗೆ ಸಿಕ್ಕಳು. ಬರಡು ನೆಲಕ್ಕೆ ಎಷ್ಟು ನೀರು ಹೊಯ್ದರೇನು ಎಂದು ಅತ್ತೆ ಅವಳಿಗೆ ಕೇಳುವ ಹಾಗೆ ಗೋಡೆಗೆ ಹೇಳುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಗಂಡ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರದ ಚಕ್ರ ನೋಡುತ್ತಿರುತ್ತಿದ್ದ. ಅತ್ತೆ ಹೋದ ಮೇಲೆ ಆ ಮಾತಿನ ಹಕ್ಕು ಗಂಡನ ಅಕ್ಕನಿಗೆ ಬಂತು. ಅವಳು ಇಂದಿಗೂ ತನ್ನ ಮೊಮ್ಮಕ್ಕಳ ಫೋಟೋ ತೋರಿಸಿ, ನನ್ನ ತಮ್ಮನಿಗೆ ಮಾತ್ರ ಈ ಭಾಗ್ಯ ಇಲ್ಲದ ಹಾಗಾಯ್ತು ಎಂದು ಇವಳ ಕಡೆಗೊಂದು ನೋಟ ಬಿಟ್ಟೇ ಹೋಗುತ್ತಾಳೆ.

ಅವತ್ತು ಸಂಜೆ ಗಂಡ ಕಾಗದ ಓದಿದ. ದೊಡ್ಡವರ ಜೊತೆ ಯಾಕೆ ಜಗಳ ಅಂದ. ತೊಳೆಯುವ ವಿಭಾಗವಾದರೂ ಸಂಬಳ ಅದೇ ತಾನೇ, ಗೊತ್ತಿರುವವರಿಗೆ ನೀನೇನು ಅಂತ ಗೊತ್ತೇ ಇದೆ, ಒಂದು ಸಹಿಯಿಂದ ಏನು ಕಳೆದುಹೋಗುತ್ತದೆ ಎಂದು ಕೇಳಿದ. ಎಲ್ಲವನ್ನೂ ಅವಳ ಒಳ್ಳೆಯದಕ್ಕೇ ಹೇಳಿದ.

"ನೀವೂ ಹೀಗೇ ಹೇಳಿದ್ರಿ," ಅಂದಳು ಅವಳು. "ಬಸ್ಸಲ್ಲಿ."

ಅವನು ಕಾಗದವನ್ನು ಮಡಿಸಿ ಮೇಜಿನ ಮೇಲಿಟ್ಟ. ಇಪ್ಪತ್ತಾರು ವರ್ಷದಲ್ಲಿ ಅವಳು ಆ ಬಸ್ಸಿನ ಹೆಸರೆತ್ತಿದ್ದು ಅದೇ ಮೊದಲು.

ಮರುದಿನ ಅಕ್ಕ ಕಾಗದ ಹಿಡಿದು ಮೇಡಂ ಕೋಣೆಗೆ ಹೋದಳು. ಪಂಡಿತನೂ ಅಲ್ಲಿದ್ದ. ಅವಳು ಕೂರಲಿಲ್ಲ. ಸಹಿ ಮಾಡಿಲ್ಲ ಎಂದು ಹೇಳಿ, ಕೊಳೆ ಹೊಟ್ಟಿನ ಸಂಗತಿ ಮೊದಲಿಂದ ಕೊನೆಯವರೆಗೆ ಹೇಳಿದಳು. ಮೇಡಂ ಪಂಡಿತನ ಕಡೆ ನೋಡಿದರು. ಅವನು ಅಂಥ ಸೂಚನೆ ಕೊಟ್ಟ ನೆನಪಿಲ್ಲ ಅಂದ. ಅಕ್ಕನಿಗೆ ಕೆಲಸದ ಒತ್ತಡ ಜಾಸ್ತಿಯಾಗಿತ್ತು, ವಯಸ್ಸಿಗೆ ಕಣ್ಣು ಮಂಜಾಗುವುದು ಯಾರ ತಪ್ಪೂ ಅಲ್ಲ ಎಂದು ಕನಿಕರವನ್ನೂ ತೋರಿಸಿದ. ಅವಳಿಗೆ ಕಿವಿಯ ಹಿಂದೆ ಬಿಸಿಯಾಯಿತು. ಸುಳ್ಳನ್ನಾದರೂ ಸಹಿಸಬಹುದಿತ್ತು, ಆ ಕನಿಕರವನ್ನಲ್ಲ.

"ನನ್ನ ಕಣ್ಣು ಪಕ್ಕಕ್ಕಿಡಿ ಮೇಡಂ," ಅಂದಳು. "ಈ ಸಲ ಬಿರಡೆ ಅವರೇ ನೋಡಲಿ."

ಅವಳು ಕೇಳಿದ್ದು ಇಷ್ಟು. ಮಾಮೂಲಿ ಕಪ್ಪು ಹೆಣ್ಣುಗಳನ್ನು ಕಪ್ಪು ಗಂಡುಗಳ ಜೊತೆ ಬಿಡುವುದು. ಬೆಳಿಗ್ಗೆ ಬಿರಡೆ ಇದೆ ಇಲ್ಲ ಎಂದು ಹೇಳುವವನು ಪಂಡಿತ. ಅವನು ಇದೆ ಎಂದ ಹದಿನಾರು ಹೆಣ್ಣುಗಳಲ್ಲಿ ಎಂಟು ಹೊಸ ಪಂಜರಕ್ಕೆ, ಎಂಟು ಹಳೆಯ ಅಟ್ಟಣೆಗೆ, ದಿನಾ ಒಂದು ಹಿಡಿ ಬಿಳಿ ಗಂಡಿನ ಹೊಟ್ಟಿನ ಜೊತೆ. ಯಾವುದು ಎಲ್ಲಿಗೆ ಎಂದು ಮೇಡಂ ಚೀಟಿ ಎತ್ತಿ ಹೇಳಬೇಕು. ಪ್ರತಿ ಇಲಿಗೂ ತಾನು ಕಂಡದ್ದನ್ನು ಅವಳು ಬೇರೆ ಕಾಗದದಲ್ಲಿ ಬರೆದು ಲಕೋಟೆಗೆ ಹಾಕಿ ಅಂಟಿಸುತ್ತಾಳೆ, ಬಾಯಿ ಬಿಡುವುದಿಲ್ಲ. ಮೇಡಂ ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಹೋಲಿಕೆಯ ಗುಂಪು, ಚೀಟಿ ಎತ್ತುವುದು, ಮುಚ್ಚಿದ ಲಕೋಟೆ: ಇದೆಲ್ಲ ಪಂಡಿತ ಮೊದಲೇ ಯೋಚಿಸಬೇಕಾಗಿತ್ತು ಎಂಬುದು ಅವರ ಮುಖದಲ್ಲೇ ಇತ್ತು. ಆಗಲಿ ಅಂದರು.

ಬಿರಡೆ ನೋಡುವುದು ಬರೆದಷ್ಟು ಸುಲಭವಲ್ಲ. ಮೊದಲ ದಿನ ಪಂಡಿತ ಬಾಲದ ತುದಿ ಹಿಡಿದ, ಇಲಿ ತಿರುಗಿ ಅವನ ಗವಸಿಗೆ ಹಲ್ಲು ಊರಿತು. ಎರಡನೆಯದು ತೋಳಿನ ಮೇಲೆ ಓಡಿತು. ಕೆಲವು ಬಿರಡೆಗಳು ಎದ್ದು ಕಾಣುತ್ತವೆ, ಕೆಲವು ಆಳದಲ್ಲಿರುತ್ತವೆ, ಕೆಲವೊಮ್ಮೆ ಬರೀ ಲೋಳೆ ಬಿರಡೆಯ ಹಾಗೆ ಹೊಳೆಯುತ್ತದೆ. ಅವನು ಎತ್ತಿ ಎತ್ತಿ ನೋಡಿದ, ಬೆವೆತ, ಒಂದೆರಡು ಸಲ ಅಕ್ಕನ ಮುಖ ನೋಡಿದ. ಅವಳು ಮುಸುಕಿನ ಮೇಲಿನ ಎರಡು ಕಣ್ಣುಗಳನ್ನು ಅವನಿಗೆ ಕೊಡಲಿಲ್ಲ. ಲಕೋಟೆ ಅಂಟಿಸುತ್ತಿದ್ದಳು. ಇಲಿ ನೋವಿನಿಂದ ಚೀರಿದಾಗ ಮಾತ್ರ ಅವಳಿಗೆ ತಡೆಯಲಾಗಲಿಲ್ಲ, ಬಾಲದ ಬುಡ ಹಿಡೀರಿ ಅಂದಳು. ಹದಿನಾರು ಆಗಲು ನಾಲ್ಕು ಬೆಳಗು ಹಿಡಿಯಿತು.

ಕೊಳೆ ಹೊಟ್ಟನ್ನು ಉದುರಿಸುವ ಕೆಲಸವನ್ನೂ ಅವಳು ಅವನಿಗೇ ಬಿಟ್ಟಳು. ತನ್ನ ಕೈಯನ್ನು ಇನ್ನೊಮ್ಮೆ ಅದಕ್ಕೆ ಕೊಡುವುದಿಲ್ಲ ಎಂದಳು.

ಪ್ರತಿ ಹೆಣ್ಣಿಗೂ ಆರನೇ ದಿನ ತುಂಬಿದ ಹಾಗೆ ಮೇಡಂ ಖುದ್ದು ಕತ್ತರಿ ಹಿಡಿದರು. ಗರ್ಭ ಕಟ್ಟಿದ್ದರೆ ಇಲಿಯ ಗರ್ಭಕೋಶ ಮಣಿ ಪೋಣಿಸಿದ ದಾರದ ಹಾಗೆ ಕಾಣುತ್ತದೆ, ಪುಟ್ಟ ಪುಟ್ಟ ಉಬ್ಬುಗಳು ಸಾಲಾಗಿ. ಕಟ್ಟದಿದ್ದರೆ ಬರೀ ದಾರ. ಹೊಸ ಪಂಜರದ ಎಂಟರಲ್ಲಿ ಏಳಕ್ಕೆ ಮಣಿಗಳಿದ್ದವು. ಹಳೆಯ ಅಟ್ಟಣೆಯ ಎಂಟರಲ್ಲಿ ಒಂದಕ್ಕೆ. ಲಕೋಟೆಗಳನ್ನು ತೆರೆದಾಗ, ಹೊಸ ಪಂಜರದಲ್ಲಿದ್ದೂ ಖಾಲಿಯಾಗಿದ್ದ ಆ ಒಂದು ಇಲಿಯ ಮುಂದೆ ಅಕ್ಕ ಬರೆದದ್ದು: ಬಿರಡೆ ಅಲ್ಲ, ಲೋಳೆ.

ಗೆದ್ದೆ ಅನ್ನಿಸಬೇಕಿತ್ತು ಅವಳಿಗೆ. ತಟ್ಟೆಯಲ್ಲಿ ಸಾಲಾಗಿದ್ದ ದಾರಗಳನ್ನು ನೋಡಿದಳು. ಒಂದು ಬಾಯಿ ನಿಜ ಹೇಳಿದ್ದರೆ ಈ ಹದಿನಾರು ಜೀವ ಬದುಕಿರುತ್ತಿದ್ದವು. ಸಂಶೋಧನೆಗೆ ಸತ್ತ ಇಲಿಗಳನ್ನು ಅವಳು ಸಾವಿರಗಟ್ಟಲೆ ಕಂಡಿದ್ದಳು, ಅದಕ್ಕೊಂದು ಕಾರಣವಿತ್ತು, ನಾಳೆ ಯಾರದೋ ಮಡಿಲಿಗೆ ಉಪಯೋಗವಾದೀತೆಂಬ ನಂಬಿಕೆಯಿತ್ತು. ಇವು ಸತ್ತದ್ದು ಒಬ್ಬನ ಮುಖ ಉಳಿಸಲು.

ಮೇಡಂ ಗವಸು ಬಿಚ್ಚುತ್ತಾ, ಕಾಗದ ಹಿಂದಕ್ಕೆ ತಗೊಳ್ಳೋಣ, ಹರಿದು ಹಾಕೋಣ, ಇಲ್ಲಿಗೆ ಮುಗಿಸೋಣ ಅಂದರು. ಪಂಡಿತ ತಟ್ಟನೆ ತಲೆಯಾಡಿಸಿದ.

"ಹರಿಯೋದು ಬೇಡ," ಅಂದಳು ಅಕ್ಕ. "ಅದರ ಕೆಳಗೇ ಬರೀಲಿ, ನಡೆದದ್ದು ಏನು ಅಂತ. ಹರಿದರೆ ನಾನು ತಪ್ಪು ಮಾಡಿದೆ, ನೀವು ಕ್ಷಮಿಸಿದಿರಿ ಅಂತಾಗುತ್ತೆ."

ಪಂಡಿತ ಕೂತು ನಾಲ್ಕು ಸಾಲು ಬರೆದ. ಪಂಜರಗಳ ಕೊರತೆಯಿಂದಾಗಿ ಕೆಲವು ಬದಲಾವಣೆಗಳು ಮಾಡಲ್ಪಟ್ಟವು, ಅದರಿಂದ ಫಲಿತಾಂಶಕ್ಕೆ ಧಕ್ಕೆಯಾಯಿತು ಎಂದು. ಅಕ್ಕ ಓದಿ ಮೇಜಿನ ಮೇಲೆ ಅವನ ಕಡೆಗೆ ಸರಿಸಿದಳು. ಯಾರು ಮಾಡಿದ್ದು ಅಂತ ಇಲ್ಲ ಅಂದಳು. ಅವನು ಎರಡನೇ ಸಲ ಬರೆದ, ತಂಡದ ತೀರ್ಮಾನ ಎಂದು. ಅವಳು ಅದನ್ನೂ ಸರಿಸಿದಳು. ಮೂರನೇ ಸಲ ಅವನು ನಾನು ಎಂದು ಬರೆದ. ಬೇಡವೆಂದು ಅಕ್ಕ ಎಚ್ಚರಿಸಿದ್ದರೂ ನಾನು ಹೇಳಿ ಮಾಡಿಸಿದೆ, ಅವರ ಗುರುತಿಸುವಿಕೆಯಲ್ಲಿ ಲೋಪವಿಲ್ಲ ಎಂದು ಬರೆದು ಸಹಿ ಮಾಡಿದ. ಕಿವಿ ಕೆಂಪಾಗಿತ್ತು. ಮೆಲ್ಲಗೆ ಕೇಳಿದ, ಈಗ ಸಿಟ್ಟು ಹೋಯ್ತಾ ಅಕ್ಕ ಎಂದು.

"ಇಲ್ಲ," ಅಂದಳು. ಅದು ಸರಳವಾದ ನಿಜ. ಕಾಗದದ ನಕಲು ತೆಗೆಸಿಕೊಂಡು, ನೀರಿನ ಬಾಟಲಿ ತುಂಬುವ ಹೊತ್ತಾಯಿತೆಂದು ಇಲಿಮನೆಗೆ ಇಳಿದಳು.

ಸಂಜೆ ಆ ನಕಲನ್ನು ಗಂಡನ ಮುಂದೆ ಇಟ್ಟಳು. ಅವನು ಎರಡು ಸಲ ಓದಿದ. ಒಳ್ಳೇದಾಯ್ತು, ನಿನ್ನ ಹೆಸರು ಉಳಿಯಿತು ಅಂದ. ಅವಳು ಅಲ್ಲಿಂದ ಕದಲಲಿಲ್ಲ. ಅವನಿಗೆ ಅರ್ಥವಾಗದೆ ಇರಲಿಲ್ಲ. ನಗು ತರಿಸಿಕೊಂಡು, ನಾನೂ ಹೀಗೇ ಬರೆದು ಕೊಡಬೇಕೇನೋ ಅಂದ.

"ಬರೆಯೋದು ಬೇಡ," ಅಂದಳು. "ನಿಮ್ಮಕ್ಕನಿಗೆ ಫೋನ್ ಮಾಡಿ ಹೇಳಿ. ನನ್ನ ಮುಂದೆ."

ಇಷ್ಟು ವರ್ಷ ಆದ ಮೇಲೆ ಯಾಕೆ ಅಂದ. ನನ್ನ ಅಕ್ಕನಿಗೂ ವಯಸ್ಸಾಯಿತು, ಅವಳಿಗೆ ಆಘಾತವಾಗುತ್ತದೆ ಅಂದ. ಭಾನುವಾರ ಮಾಡೋಣ ಅಂದ. ಒಂದೊಂದು ಮಾತಿಗೂ ಅವನ ದನಿ ಮೆತ್ತಗಾಗುತ್ತಾ ಹೋಯಿತು. ಆ ಮೆದು ದನಿಗೆ ಸೋತು ಅವಳು ಒಂದು ಆಯಸ್ಸು ಕಳೆದಿದ್ದಳು. ಅವಳು ಫೋನನ್ನು ತಂದು ಅವನ ಎದುರಿಗೆ, ಬಿಚ್ಚಿಟ್ಟ ಗಡಿಯಾರದ ಪಕ್ಕದಲ್ಲಿ ಇಟ್ಟಳು.

ಅವನು ಕನ್ನಡಕ ಎಲ್ಲಿ ಎಂದು ಮೇಜು ತಡಕಿದ. ಅದು ಅವನ ಮೂಗಿನ ಮೇಲೆಯೇ ಇತ್ತು. ಅವಳು ಹೇಳಲಿಲ್ಲ. ಕುರ್ಚಿ ಎಳೆದು ಅವನ ಎದುರಿಗೆ ಕೂತಳು. ಎದ್ದು ಹೋಗುವ ಯೋಚನೆ ಅವಳಿಗಿರಲಿಲ್ಲ.